ಕಿಟಕಿಯ ಪರದೆ ಬೆಳ್ಳಗೇ ಇತ್ತು

ಆ ಮನೆಯಲ್ಲಿ ಕಾಮಾಲೆ ಮೊದಲು ಬಂದದ್ದು ಕ್ಯಾಮೆರಾಕ್ಕೆ.

ಹಾಗೆಂದವರು ಮಾವ. ಕೆಳಗೆ ಸ್ಟುಡಿಯೋ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಮೂವತ್ತೆರಡು ವರ್ಷ ಆ ಮೆಟ್ಟಿಲು ಹತ್ತಿಳಿದು ಊರಿನ ಅರ್ಧ ಜನರ ಪಾಸ್‌ಪೋರ್ಟ್ ಫೋಟೋ ತೆಗೆದ ಮನುಷ್ಯ. ಮಗ ಹೊಸ ಮಾಡೆಲ್ ಕ್ಯಾಮೆರಾ ತಂದ ದಿನ, ಅದರಲ್ಲಿ ತೆಗೆದ ಮೊದಲ ಚಿತ್ರವನ್ನು ಮಾನಿಟರಿನಲ್ಲಿ ನೋಡಿ, ಟೀ ಲೋಟ ಕೆಳಗಿಟ್ಟು, "ಇದಕ್ಕೆ ಕಾಮಾಲೆ ಬಂದಿದೆಯಲ್ಲೋ," ಎಂದರು. "ಅಂಗಡಿಯವನ ಹತ್ರ ಕರ್ಕೊಂಡು ಹೋಗಿ ಔಷಧಿ ಕುಡಿಸಿಕೊಂಡು ಬಾ."

ಎಲ್ಲರೂ ನಕ್ಕರು. ಚಿತ್ರದಲ್ಲಿದ್ದ ಅತ್ತೆಯೂ ಸ್ಟೂಲಿನಿಂದ ಎದ್ದು ಬಂದು ನೋಡಿ ನಕ್ಕರು.

"ಹಳದಿ ಇರೋದು ನಿಮ್ಮ ಕಣ್ಣಲ್ಲಿ ಅಪ್ಪ," ಎಂದ ಮಗ. "ಆ ಪೊರೆ ಮೊದಲು ತೆಗೆಸ್ಕೊಳ್ಳಿ."

"ಒಂದು ಕಣ್ಣಲ್ಲಿ ತಾನೇ ಪೊರೆ? ಇನ್ನೊಂದರಲ್ಲಿ ನೋಡಿಯೇ ಹೇಳಿದ್ದು. ಹಳೇ ಕ್ಯಾಮೆರಾದಲ್ಲಿ ನಿಮ್ಮಮ್ಮ ಹೀಗಿರ್ಲಿಲ್ಲ."

ಕಂಪ್ಯೂಟರಿನ ಮುಂದೆ ಕೂತಿದ್ದವಳು ಸೊಸೆ. ಅಪ್ಪ ಮಗ ತೆಗೆದದ್ದನ್ನೆಲ್ಲ ತಿದ್ದಿ, ಬಣ್ಣ ಹೊಂದಿಸಿ, ಆಲ್ಬಂ ಜೋಡಿಸುವುದು ಅವಳ ಕೆಲಸ. ಅವಳು ಮೌಸ್ ಹಿಡಿದು ಹಳದಿಯನ್ನು ಸ್ವಲ್ಪ ಇಳಿಸಿದಳು. ಅತ್ತೆಯ ಮುಖ ಮೊದಲಿನಂತಾಯಿತು. "ನೋಡಿ, ಆಯ್ತಲ್ಲ," ಎಂದಳು. ಜಗಳ ನಿಲ್ಲಿಸಿದ ಸಮಾಧಾನ ಅವಳಿಗೆ.

ಆ ಮನೆಯ ಒಂದು ರೂಢಿ ಹೇಳಬೇಕು. ಹೊಸ ಕ್ಯಾಮೆರಾ ಬರಲಿ, ಲೆನ್ಸ್ ಬರಲಿ, ಮೊದಲ ಪರೀಕ್ಷೆ ಅತ್ತೆಯ ಮೇಲೆ. ಬೆಳಿಗ್ಗೆ ಹತ್ತು ಗಂಟೆಗೆ, ಅಡುಗೆಮನೆಯ ಕಿಟಕಿಯ ಪಕ್ಕ, ಅದೇ ಮೂರು ಕಾಲಿನ ಸ್ಟೂಲು, ಮೈಮೇಲೆ ಅದೇ ಬೂದು ಶಾಲು, ಬೆನ್ನ ಹಿಂದೆ ಅದೇ ಬಿಳಿ ಪರದೆ. ಬೆಳಕೂ ಮುಖವೂ ಬದಲಾಗದಿದ್ದರೆ ಮಾತ್ರ ಯಾವ ಲೆನ್ಸ್ ಹೇಗಿದೆ ಎಂದು ಗೊತ್ತಾಗುವುದು ಎಂಬುದು ಮಾವನ ಲೆಕ್ಕ. ಪರದೆ ಬೆಳ್ಳಗಿರಬೇಕಾದ್ದರಿಂದ ಅತ್ತೆ ಶನಿವಾರ ಶನಿವಾರ ಅದನ್ನು ಬಿಚ್ಚಿ, ಒಗೆದು, ನೀಲಿ ಹಾಕಿದ ನೀರಲ್ಲಿ ಅದ್ದಿ ಒಣಹಾಕುತ್ತಿದ್ದರು.

"ಮದುವೆಯಾದ ಹೊಸದರಲ್ಲಿ ನನ್ನ ಮುಖ ನೋಡ್ತಿದ್ದಾರೆ ಅಂದ್ಕೊಂಡಿದ್ದೆ," ಎಂದು ಅವರು ಸೊಸೆಗೆ ಹೇಳಿದ್ದುಂಟು. "ನೋಡ್ತಿದ್ದದ್ದು ಲೆನ್ಸು ಅಂತ ಗೊತ್ತಾಗೋಕೆ ಮೂರು ವರ್ಷ ಹಿಡೀತು."

ಹೊಸ ಕ್ಯಾಮೆರಾದ ಜೊತೆ ಹೊಸ ತಲೆನೋವೂ ಬಂತು. ಹಳೆಯ ಲೆನ್ಸುಗಳಲ್ಲಿ ಎರಡು, ಹಳೆಯ ಕ್ಯಾಮೆರಾದ ಸಣ್ಣ ಸೆನ್ಸರಿಗೆಂದು ಮಾಡಿದವು. ಹೊಸದಕ್ಕೆ ಹಾಕಿದರೆ ಚಿತ್ರದ ನಾಲ್ಕು ಮೂಲೆಯೂ ಕತ್ತಲು. ಉಳಿದದ್ದು ಮಾವನ ಹಳೆಯ ಐವತ್ತು ಎಂಎಂ ಲೆನ್ಸ್ ಒಂದೇ. ಅಂಗಡಿಯವನು ಒಂದೊಂದೇ ಲೆನ್ಸನ್ನು ಎರಡು ದಿನ ನೋಡಿ ಕೊಡಿ ಎಂದು ಕೊಟ್ಟು ಕಳಿಸುತ್ತಿದ್ದ. ಒಂದು ವಾರ ಎಂಬತ್ತೈದು ಬಂತು. ಮುಂದಿನ ವಾರ ಎಪ್ಪತ್ತು-ಇನ್ನೂರರ ಜೂಮ್, ಒನಕೆಯಷ್ಟು ಭಾರದ್ದು. ಆಮೇಲೆ ಅದರದೇ ಅಗ್ಗದ ತಮ್ಮ. ಪ್ರತಿ ಸಲವೂ ಅತ್ತೆ ಒಲೆ ಸಣ್ಣ ಮಾಡಿ, ಶಾಲು ಹೊದ್ದು, ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತರು.

"ಇದು ಬೇಕೇ ಬೇಕು," ಎಂದ ಮಗ ಊಟಕ್ಕೆ ಕೂತಾಗ. ಜೂಮ್ ಲೆನ್ಸು ತಟ್ಟೆಯ ಪಕ್ಕದಲ್ಲೇ ಇತ್ತು. "ಮದುವೆ ಹಾಲಿನ ಕೊನೇಲಿ ನಿಂತು ಮದುಮಗಳ ಕಣ್ಣೀರು ತೆಗೀಬಹುದು. ಅವಳಿಗೆ ಗೊತ್ತೂ ಆಗಲ್ಲ."

"ಹತ್ತಿರ ಹೋಗಿ ತೆಗಿ. ಕಾಲಿಲ್ವಾ ನಿನಗೆ?"

"ಮಧ್ಯ ಹೋಗಿ ನಿಂತ್ರೆ ನೆಂಟರು ಒದೀತಾರೆ ಅಪ್ಪ."

"ಮೂವತ್ತೆರಡು ವರ್ಷ ಐವತ್ತು ಹಾಕ್ಕೊಂಡು ತೆಗ್ದೆ. ಒಬ್ರೂ ಒದೀಲಿಲ್ಲ."

"ನಿಮ್ಮನ್ನ ಒದ್ದಿದ್ರೆ ನೀವು ಹೇಳ್ತೀರಾ?"

ಅತ್ತೆ ನಗುತ್ತಾ ತಮ್ಮ ತಟ್ಟೆಯ ಆಲೂಗಡ್ಡೆಯನ್ನು ಮಗನ ತಟ್ಟೆಗೆ ದಾಟಿಸಿದರು. ಬ್ರೆಡ್ಡಿನ ಅರ್ಧವನ್ನೂ ದಾಟಿಸಿದರು. ಸೊಸೆ ನೋಡಿದಳು.

"ಅತ್ತೆ, ನಿಮಗೆ?"

"ಹಸಿವಿಲ್ಲ ಕಣೆ. ಇವರ ಟೆಸ್ಟು ಮುಗಿಯೋ ಹೊತ್ತಿಗೆ ಎರಡು ಸಲ ಟೀ ಆಗಿರುತ್ತೆ." ಮುಂಗೈ ಕೆರೆದುಕೊಂಡರು. "ಸೋಪಿನ ಪುಡಿ ಬದಲಾಯ್ಸಿದ್ಯಾ? ಮೈಯೆಲ್ಲಾ ನವೆ."

ಸೊಸೆ ಸೋಪಿನ ಪುಡಿ ಬದಲಾಯಿಸಿದಳು. ನವೆ ನಿಲ್ಲಲಿಲ್ಲ. ಇನ್ನೊಂದು ಪುಡಿ ತಂದಳು.

ಕ್ಯಾಮೆರಾದ ಕಾಮಾಲೆಯೂ ನಿಲ್ಲಲಿಲ್ಲ. ವಾರದಿಂದ ವಾರಕ್ಕೆ ಅವಳು ಹಳದಿಯನ್ನು ಇನ್ನಷ್ಟು, ಮತ್ತಷ್ಟು ಇಳಿಸಬೇಕಾಯಿತು. ಐದನೆಯ ವಾರ ಅವಳಿಗೊಂದು ವಿಚಿತ್ರ ಕಂಡಿತು. ಮುಖದ ಹಳದಿ ತೆಗೆದರೆ ಹಿಂದಿನ ಪರದೆ ನೀಲಿಯಾಗುತ್ತಿತ್ತು. ತೆಗೆಯದೆ ಬಿಟ್ಟರೆ ಪರದೆ ಅಚ್ಚ ಬಿಳಿ. ಕ್ಯಾಮೆರಾ ಹಳದಿ ಬಳಿದರೆ ಎಲ್ಲದಕ್ಕೂ ಬಳಿಯಬೇಕು, ಆರಿಸಿ ಬಳಿಯುವುದಿಲ್ಲ. ಇದು ಅವಳ ಕಸುಬಿನ ಮೊದಲ ಪಾಠ.

"ರೀ, ಇಲ್ಲಿ ನೋಡಿ," ಎಂದು ಗಂಡನನ್ನು ಕರೆದಳು. "ಪರದೆ ಬೆಳ್ಳಗೇ ಇದೆ. ಮುಖ ಮಾತ್ರ ಹಳದಿ."

ಅವನು ಲೆನ್ಸಿನ ಗಾಜು ಒರೆಸುತ್ತಿದ್ದ. ಬಗ್ಗಿ, ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ, ತಾಯಿಯ ಎಡಗಣ್ಣಿನ ರೆಪ್ಪೆಗೆ ಹೋಗಿ ನಿಂತ. "ಶಾರ್ಪ್ ಇದೆ," ಎಂದ. "ಬಣ್ಣ ಬಿಡು, ಮಾಡೆಲ್ ಬದಲಾದ್ರೆ ಚರ್ಮದ ಬಣ್ಣ ಬದಲಾಗುತ್ತೆ. ಒಂದೊಂದು ಕಂಪನಿ ಒಂದೊಂದು ತರ ಮಾಡಿರ್ತಾರೆ."

"ತಿದ್ದಿದ್ರೆ ಪರದೆ ನೀಲಿಯಾಗುತ್ತೆ."

"ಅಮ್ಮ ನೀಲಿ ಜಾಸ್ತಿ ಹಾಕಿರ್ತಾಳೆ. ಅಮ್ಮಾ, ಪರದೆಗೆ ನೀಲಿ ಕಮ್ಮಿ ಹಾಕೇ!"

"ಒಂದು ಹನಿ ಹಾಕೋದು ಕಣೋ ನಾನು," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಅವಳು ಕೆಲಸ ಬಾರದವಳಾಗುತ್ತಿದ್ದಳು. ಅವಳಿಗೆ ಕೆಲಸ ಬರುತ್ತಿತ್ತು. ಪರದೆಯನ್ನು ಬೇರೆಯಾಗಿ ಕತ್ತರಿಸಿಟ್ಟು, ಮುಖಕ್ಕೊಂದು ತಿದ್ದುಪಡಿ, ಪರದೆಗೊಂದು ತಿದ್ದುಪಡಿ ಮಾಡಿದಳು. ಕಣ್ಣಿನ ಬಿಳಿಯನ್ನು ಬಿಳಿ ಮಾಡುವುದಂತೂ ಯಾವ ಮುಖಕ್ಕಾದರೂ ಮಾಡುವ ಕೆಲಸ. ಅದನ್ನು ಯೋಚಿಸದೆ ಮಾಡಿದಳು. ಕೊನೆಗೆ ಮುಖದ ಬಣ್ಣದ ತಿದ್ದುಪಡಿಯನ್ನು ಹೆಸರಿಟ್ಟು ಉಳಿಸಿಕೊಂಡಳು. ಹಾಗೆ ಉಳಿಸಿದರೆ ಮುಂದೆ ಒಂದೇ ಒತ್ತಿಗೆ ಎಷ್ಟು ಚಿತ್ರಗಳಿಗೆ ಬೇಕಾದರೂ ಅದನ್ನು ಹಾಕಬಹುದು. ಅವಳಿಟ್ಟ ಹೆಸರು 'ಅತ್ತೆ'.

ಆ ಕ್ಯಾಮೆರಾದಲ್ಲಿ ಮಗ ತೆಗೆದ ಮೊದಲ ಮದುವೆ ಬೇಕರಿಯವಳ ಮಗಳದು. ಒಂಬೈನೂರು ಚಿತ್ರ. ಆಲ್ಬಮ್ಮಿಗೆ ಅವಸರ. ಕ್ಯಾಮೆರಾ ಅದೇ ತಾನೇ ಎಂದು ಸೊಸೆ ಒಂಬೈನೂರಕ್ಕೂ 'ಅತ್ತೆ'ಯನ್ನು ಒತ್ತಿ, ಮೇಲೆ ಮೇಲೆ ನೋಡಿ, ಮುದ್ರಣಕ್ಕೆ ಕಳಿಸಿದಳು.

ಆಲ್ಬಂ ಕೊಟ್ಟ ಮೂರನೆಯ ದಿನ ಬೇಕರಿಯವಳು ಕೈಗೆ ಹಿಟ್ಟು ಅಂಟಿಸಿಕೊಂಡೇ ಸ್ಟುಡಿಯೋಕ್ಕೆ ಬಂದಳು. ಆಲ್ಬಮ್ಮನ್ನು ಮಾವನ ಮುಂದಿಟ್ಟಳು.

"ನನ್ನ ಮಗಳು ಮದುವೆ ದಿನ ಬದುಕಿದ್ಲು ಯಜಮಾನರೇ. ಇದ್ರಲ್ಲಿ ನೋಡಿ. ಕೆರೆಯಿಂದ ಮೇಲೆತ್ತಿದ ಹಾಗಿದಾಳೆ."

ಮಾವ ಪುಟ ತಿರುಗಿಸಿದರು. ಮದುಮಗಳ ಕೆನ್ನೆ, ಕೈ, ಕತ್ತು ಎಲ್ಲ ನೀಲಿ ನೀಲಿ. ಅವರಿಗೆ ಒಳಗೊಳಗೇ ಗೆದ್ದ ಖುಷಿ. ಬೇಕರಿಯವಳನ್ನು ಸಮಾಧಾನ ಮಾಡಿ ಕಳಿಸಿ, ಮೆಟ್ಟಿಲ ಬುಡದಲ್ಲಿ ನಿಂತು, "ಹೇಳ್ಲಿಲ್ವಾ ನಾನು, ರೋಗ ಹಿಡಿದ ಕ್ಯಾಮೆರಾ ಅಂತ," ಎಂದು ಮೇಲಕ್ಕೆ ಕೇಳುವಂತೆ ಹೇಳಿದರು.

ಸೊಸೆ ಮೂಲ ಚಿತ್ರಗಳನ್ನು ತೆರೆದಳು. 'ಅತ್ತೆ'ಯನ್ನು ತೆಗೆದಳು. ಮದುಮಗಳ ಕೆನ್ನೆಗೆ ಕೆಂಪು ವಾಪಸು ಬಂತು. ಇನ್ನೊಂದರಲ್ಲಿ ತೆಗೆದಳು, ಮತ್ತೊಂದರಲ್ಲಿ ತೆಗೆದಳು. ಎಲ್ಲರೂ ಸರಿಯಾಗಿದ್ದರು. ಮದುಮಗ, ಬೇಕರಿಯವಳು, ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಯಾರೋ ಮುದುಕ. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಅವಳು ಅದೇ ವಾರ, ಅದೇ ಕ್ಯಾಮೆರಾದಲ್ಲಿ, ಅದೇ ಲೆನ್ಸಿನಲ್ಲಿ ತೆಗೆದ ಅತ್ತೆಯ ಚಿತ್ರವನ್ನು ತಿದ್ದುಪಡಿಯಿಲ್ಲದೆ ಮದುಮಗಳ ಪಕ್ಕದಲ್ಲಿಟ್ಟಳು.

ಎದ್ದಳು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಉಜ್ಜುತ್ತಿದ್ದರು.

"ಅತ್ತೆ, ಕನ್ನಡಕ ತೆಗೀರಿ."

"ಮತ್ಯಾವ ಲೆನ್ಸು ಬಂತು?"

"ಯಾವುದೂ ಇಲ್ಲ. ಕಿಟಕಿ ಹತ್ರ ಬನ್ನಿ."

ಒದ್ದೆ ಕೈಯನ್ನು ಶಾಲಿಗೆ ಒರೆಸುತ್ತಾ ಅತ್ತೆ ಬಂದರು. ಸೊಸೆ ಹೆಬ್ಬೆರಳಿಂದ ಅವರ ಕೆಳರೆಪ್ಪೆಯನ್ನು ಜಗ್ಗಿದಳು. ಹೊಸ ಕ್ಯಾಮೆರಾ ಬಂದ ಮೇಲಿನ ಹನ್ನೊಂದು ವಾರವೂ ದಿನಕ್ಕೆ ಮೂರು ಹೊತ್ತು ಎದುರು ಬದುರು ಕೂತು ಉಂಡಿದ್ದಳು. ಕಣ್ಣನ್ನು ಹೀಗೆ ನೋಡಿದ್ದು ಇದೇ ಮೊದಲು. ಹಣ್ಣಾದ ನಿಂಬೆಯ ಸಿಪ್ಪೆಯ ಬಣ್ಣ.

"ಒಂದಕ್ಕೆ ಹೋದಾಗ ಯಾವ ಬಣ್ಣ ಹೋಗ್ತಿದೆ ಅತ್ತೆ?"

"ಇದೇನೇ ಪ್ರಶ್ನೆ? ಟೀ ತರ. ನೀರು ಕಮ್ಮಿ ಕುಡೀತೀನಲ್ಲ."

"ಯಾಕೆ ಹೇಳ್ಲಿಲ್ಲ?"

"ಅದನ್ನ ಯಾರಾದ್ರೂ ಊಟಕ್ಕೆ ಕೂತಾಗ ಹೇಳ್ತಾರಾ?"

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅತ್ತೆಯ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. "ಯಾವಾಗಿಂದ ಹಳದಿ?"

"ಒಂದು ವಾರ ಇರ್ಬೇಕು," ಎಂದ ಮಗ.

"ಹನ್ನೊಂದು ವಾರ," ಎಂದಳು ಸೊಸೆ.

ಗಂಡ ತಿರುಗಿ ನೋಡಿದ. ಅವಳು ಫೋನು ತೆಗೆದು ಡಾಕ್ಟರ ಮುಂದೆ ಹಿಡಿದಳು. ತಿದ್ದದ ಮೂಲ ಚಿತ್ರಗಳು, ಒಂದೊಂದಕ್ಕೂ ತಾರೀಖು, ಗಂಟೆ, ನಿಮಿಷ. ಡಾಕ್ಟರು ಒಂದೊಂದೇ ಸರಿಸುತ್ತಾ ಹೋದರು. ಅದೇ ಕಿಟಕಿ, ಅದೇ ಶಾಲು. ವಾರಕ್ಕಿಷ್ಟು ಹಳದಿ, ವಾರಕ್ಕಿಷ್ಟು ಕೆನ್ನೆ ಒಳಕ್ಕೆ.

"ಯಾರು ತೆಗೆದದ್ದು ಇವನ್ನ?"

"ನಾನು," ಎಂದ ಮಗ.

"ತುಂಬಾ ಸ್ಪಷ್ಟವಾಗಿವೆ. ಒಂದೊಂದು ರೆಪ್ಪೆಯೂ ಕಾಣುತ್ತೆ."

ಅವರು ಕುಹಕವಾಡಿದ್ದಲ್ಲ, ನಿಜವಾಗಿಯೂ ಮೆಚ್ಚಿ ಹೇಳಿದ್ದು. ಅವನು ನೆಲ ನೋಡಿದ.

ನಾಲ್ಕು ದಿನದ ಮೇಲೆ ಸ್ಕ್ಯಾನಿನ ಫಲಿತಾಂಶ ಬಂತು. ಹೊಟ್ಟೆಯೊಳಗೆ, ಮೇದೋಜೀರಕದ ತಲೆಯಲ್ಲಿ ಗಡ್ಡೆ. ಪಿತ್ತ ಹರಿಯುವ ದಾರಿಯನ್ನು ಅದು ಒತ್ತಿ ಮುಚ್ಚಿದೆ. ಅದರ ಮರಿಗಳು ಲಿವರಿನಲ್ಲೂ ಇವೆ. ನಳಿಕೆ ಹಾಕಿ ದಾರಿ ಬಿಡಿಸಬಹುದು, ಹಳದಿ ಇಳಿಯುತ್ತದೆ, ನವೆ ನಿಲ್ಲುತ್ತದೆ. ಅದರಾಚೆಗೆ ಮಾಡುವಂಥದ್ದು ಹೆಚ್ಚಿಲ್ಲ.

"ಹನ್ನೊಂದು ವಾರದ ಹಿಂದೆ ಬಂದಿದ್ರೆ?" ಎಂದು ಕೇಳಿದಳು ಸೊಸೆ.

ಡಾಕ್ಟರು ಫೈಲು ಮುಚ್ಚಿದರು. "ಹಾಗೆಲ್ಲಾ ಹೇಳೋಕಾಗಲ್ಲ. ಆಗಲೇ ಲಿವರಿಗೆ ಹೋಗಿತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ." ಫೈಲನ್ನು ಪಕ್ಕಕ್ಕೆ ಸರಿಸಿ, "ಆಪರೇಷನ್ ಮಾಡೋಣವಾ ಬೇಡವಾ ಅಂತ ಯೋಚನೆಯಾದ್ರೂ ಮಾಡ್ತಿದ್ವಿ," ಎಂದರು.

ಹೊರಗೆ ಬೆಂಚಿನ ಮೇಲೆ ಅಪ್ಪ ಮಗ ದನಿ ತಗ್ಗಿಸಿ ಜಗಳವಾಡಿದರು.

"ನಿನ್ನ ಹೊಸ ಮಾಡೆಲ್ಲು ಇಲ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತು. ಹಳೇದರಲ್ಲಿ ಹಳದಿ ಬಂದಿದ್ರೆ ಇವಳದೇ ಅಂತ ಗೊತ್ತಾಗ್ತಿತ್ತು."

"ಹಳೇದು ಕೆಳಗೇ ಇತ್ತಲ್ಲ. ಒಂದು ಸಲ ಅದರಲ್ಲಿ ತೆಗೆದು ನೋಡ್ಬೇಕಿತ್ತು ನೀವು. ಮೊದಲ ದಿನವೇ ಕಾಮಾಲೆ ಅಂದವ್ರು ನೀವಲ್ವಾ? ಅಂದು ಟೀ ಕುಡಿದ್ರಿ."

ಸೊಸೆ ಇಬ್ಬರ ನಡುವೆ ಕೂತಿದ್ದಳು. ಒಬ್ಬ ತಮಾಷೆ ಮಾಡಿದ್ದ, ಒಬ್ಬ ಕಾರಣ ಹೇಳಿದ್ದ. ತಿದ್ದಿದ್ದು ಮಾತ್ರ ಅವಳು. ಅದನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ನಳಿಕೆ ಹಾಕಿದ ಮೇಲೆ ಹೇಳಿದಂತೆಯೇ ನವೆ ನಿಂತಿತು. ಅತ್ತೆ ಮನೆಗೆ ಬಂದರು. ಕೆಲಸ ಮಾಡಗೊಡುತ್ತಿಲ್ಲವೆಂದು ಗೊಣಗಿದರು. ಮಗ ಸಾರಿಸಿದ ನೆಲ ನೋಡಿ, "ಮೂಲೆ ಬಿಟ್ಟು ಸಾರಿಸ್ತಾನೆ, ಇವನ ಲೆನ್ಸಿನ ಹಾಗೆ," ಎಂದರು. ಒಂದು ಮಧ್ಯಾಹ್ನ ಸೊಸೆಯ ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

"ನನ್ನ ಫೋಟೋ ಎಲ್ಲಾ ತೋರ್ಸು. ಆ ಲೆನ್ಸಿನವು."

ಸೊಸೆ ತೋರಿಸಿದಳು. ಕೆನ್ನೆಗೆ ಬಣ್ಣವಿದ್ದ, ಕಣ್ಣು ಬೆಳ್ಳಗಿದ್ದ ಅತ್ತೆ, ಸಾಲಾಗಿ.

"ಎಷ್ಟು ಚೆನ್ನಾಗಿದ್ದೆ ನೋಡು," ಎಂದರು ಅತ್ತೆ. "ಹೋದ ತಿಂಗಳು ತಾನೇ ಇದು? ಏನೂ ಇರ್ಲಿಲ್ಲ ನನಗೆ. ಇದ್ದಕ್ಕಿದ್ದ ಹಾಗೆ ಬಂದು ಬಿಟ್ಟಿತು. ಯಾರಿಗೆ ತಾನೇ ಗೊತ್ತಾಗುತ್ತೆ?"

ಸುಮ್ಮನಿದ್ದುಬಿಡಬಹುದಿತ್ತು. ಗಂಡ ಹಾಗೇ ಹೇಳಿದ್ದ: ಅಮ್ಮನಿಗೆ ಯಾಕೆ ಅದೆಲ್ಲಾ.

"ಅತ್ತೆ, ಇದು ನೀವಲ್ಲ," ಎಂದಳು. "ನಾನು ತಿದ್ದಿದ್ದು."

ಒಂದೊಂದರಿಂದಲೂ ತಿದ್ದುಪಡಿ ತೆಗೆಯುತ್ತಾ ಬಂದಳು. ಸಾಲು ಹಳದಿಯಾಯಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನಿನಗೆ ಗೊತ್ತಾಗ್ಲಿಲ್ವಾ?"

"ಪರದೆ ಬೆಳ್ಳಗಿತ್ತು ಅತ್ತೆ. ಪರದೆ ಬೆಳ್ಳಗಿದ್ರೆ ಅದು ಕ್ಯಾಮೆರಾದ ಹಳದಿ ಅಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಪರದೇನ ಬೇರೆ ಮಾಡಿ ತಿದ್ದಿದೆ."

ಕೆಳಗೆ ಯಾರೋ ಗಿರಾಕಿಗೆ ಮಾವ ಗಲ್ಲ ಎತ್ತಿ, ಗಲ್ಲ ಎತ್ತಿ ಎನ್ನುವುದು ಕೇಳಿಸುತ್ತಿತ್ತು.

"ಬೆಳ್ಳಗೇ ಇರುತ್ತೆ," ಎಂದರು ಅತ್ತೆ. "ಶನಿವಾರ ಶನಿವಾರ ಒಗೆದಿದ್ದೀನಿ."

ಸಾಲಿನ ಕೊನೆಯ ಚಿತ್ರಕ್ಕೆ ಬೆರಳಿಟ್ಟು, "ನೀಲಿ ಜಾಸ್ತಿ ಅಂದಿದ್ದೂ ಇದಕ್ಕೇನಾ?"

"ಹೂಂ."

"ಆಮೇಲೆ ನೀಲಿನೇ ಹಾಕ್ಲಿಲ್ಲ ನಾನು. ಸುಮ್ಮನೆ ಬೈಸ್ಕೊಂಡೆ."

ಆ ಸಂಜೆ ಸೊಸೆ ತಂದಿಟ್ಟ ಗಂಜಿಯನ್ನು ಅತ್ತೆ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಗಂಡ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ. "ಹೇಳ್ಬಿಟ್ಯಾ?" ಎಂದ. ಅವಳು ತಣ್ಣಗಾದ ಬಟ್ಟಲನ್ನು ಎತ್ತಿಕೊಂಡು ಹೋಗಿ, ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟು ನಿಂತುಬಿಟ್ಟಳು.

ಬೆಳಿಗ್ಗೆ ಅತ್ತೆ ಕರೆದರು. "ಗಂಜಿಗೆ ಉಪ್ಪು ಹಾಕ್ತೀಯೋ ಇಲ್ವೋ ನೀನು? ಬಾ ಇಲ್ಲಿ. ಕೂರಿಸು ನನ್ನ."

ಕ್ಷಮಿಸಿದೆ ಎನ್ನಲಿಲ್ಲ. ಆಮೇಲೂ ಎಂದೂ ಆ ಮಾತು ಬರಲಿಲ್ಲ. ಗಂಜಿ ಮಾತ್ರ ಅವಳ ಕೈಯಿಂದಲೇ ಬೇಕೆಂದರು.

ಮುಂದಿನ ವಾರ ಅತ್ತೆಗೆ ಒಂದು ಆಸೆಯಾಯಿತು. ಫೋಟೋ ತೆಗೆಸಿಕೊಳ್ಳಬೇಕು, ಲೆನ್ಸಿಗಾಗಿ ಅಲ್ಲ, ತಮಗಾಗಿ. ಮಗ ಓಡಿ ಹೋಗಿ ಅಂಗಡಿಯಿಂದ ಎಂಬತ್ತೈದು ತಂದ. "ಮುಖಕ್ಕೆ ಇದೇ ಸರಿ." ಮಾವ, "ಮದುವೆ ಹಾಲಿನ ಆ ಕೊನೆಯಿಂದ ತೆಗೆಯೋದು ಬೇಕಂತಿದ್ಯಲ್ಲ, ಅದೆಲ್ಲಿ?" ಎಂದರು. ಇಬ್ಬರೂ ಶುರುಮಾಡಿಕೊಂಡರು.

"ಇಷ್ಟು ವರ್ಷದಲ್ಲಿ ಯಾವ ಲೆನ್ಸ್ ಬೇಕು ಅಂತ ನನ್ನ ಯಾರೂ ಕೇಳಿಲ್ಲ," ಎಂದರು ಅತ್ತೆ.

ಮಗ ಎಂಬತ್ತೈದನ್ನು ಕೆಳಗಿಟ್ಟ.

"ಐವತ್ತು ಹಾಕಿ. ಐವತ್ತು ಹಾಕಿದ್ರೆ ನೀವು ಹತ್ತಿರ ಬರ್ಬೇಕಾಗುತ್ತೆ. ತೆಗೆಯೋದು ಇವರು."

ಮಾವ ಆ ಹೊಸ ಕ್ಯಾಮೆರಾವನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಐವತ್ತನ್ನು ಅದಕ್ಕೆ ತಿರುಗಿಸಿ ಕೂರಿಸಿದರು. ಸ್ಟೂಲಿನ ಮುಂದೆ ಮೊಣಕಾಲೂರಿ, ಹೆಂಡತಿಯ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದರು.

"ಅಲುಗಾಡಬೇಡ ಇವಳೇ."

"ಅಲುಗಾಡ್ತಿರೋದು ನೀವು."

ಒಂದೇ ಸಲ ಕ್ಲಿಕ್ ಆಯಿತು. ಮಾನಿಟರಿನಲ್ಲಿ ನೋಡಿದಾಗ ಚಿತ್ರ ಸ್ವಲ್ಪ ನಡುಗಿತ್ತು. ನಳಿಕೆಯಿಂದ ಹಳದಿ ಇಳಿದಿತ್ತು. ತಿದ್ದುವಂಥದ್ದು ಏನೂ ಇರಲಿಲ್ಲ. ಪರದೆ ಬಿಳಿ, ಮುಖ ಮುಖದ ಬಣ್ಣ. ಹಿಗ್ಗಿಸಿ ನೋಡಲು ಈ ಸಲ ಯಾರೂ ಹೋಗಲಿಲ್ಲ.

"ನಿಮ್ಮ ಕ್ಯಾಮೆರಾ ವಾಸಿಯಾಯ್ತು ನೋಡಿ," ಎಂದರು ಅತ್ತೆ.

ಯಾರೂ ನಗಲಿಲ್ಲ. ಅತ್ತೆ ಒಬ್ಬರೇ ನಕ್ಕರು.

ಹತ್ತೊಂಬತ್ತು ದಿನದ ಮೇಲೆ ಅವರು ಹೋದರು, ಬೆಳಗಿನ ಟೀ ಹೊತ್ತಿಗೆ. ಗೋಡೆಗೆ ಆ ನಡುಗಿದ ಚಿತ್ರವನ್ನೇ ಹಾಕಿದರು. ಫೋಟೋದವರ ಮನೆಯಲ್ಲೇ ಸರಿಯಾದ ಫೋಟೋ ಇಲ್ಲವಲ್ಲ ಎಂದು ಬಂದ ನೆಂಟರೊಬ್ಬರು ಅಂದರು.

ಎರಡು ತಿಂಗಳು ಲೆನ್ಸಿನ ಮಾತೇ ಇರಲಿಲ್ಲ. ಆಮೇಲೆ ಒಂದು ಮದುವೆ ಒಪ್ಪಿಕೊಂಡದ್ದಾಯಿತು, ಹೊಟ್ಟೆಪಾಡು ಕೇಳಬೇಕಲ್ಲ. ಮಗ ಅಂಗಡಿಯಿಂದ ಲೆನ್ಸು ತಂದು, ಹತ್ತು ಗಂಟೆಗೆ ಅಡುಗೆಮನೆಗೆ ಬಂದು, ಖಾಲಿ ಸ್ಟೂಲಿಗೆ ಕ್ಯಾಮೆರಾ ಹಿಡಿದು ನಿಂತ. ಮಾವ ಬಾಗಿಲ ಬಳಿ ಟೀ ಹಿಡಿದಿದ್ದರು.

"ಮುಖ ಇಲ್ದೆ ಏನ್ ನೋಡ್ತೀಯೋ," ಎಂದರು. ಬಯ್ಯುವ ದನಿಯಲ್ಲಿರಲಿಲ್ಲ.

ಸೊಸೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು ಕೂತಳು. ಬೆನ್ನ ಹಿಂದೆ ಪರದೆ. ಶನಿವಾರ ಅವಳೇ ಬಿಚ್ಚಿ ಒಗೆದು, ಒಂದು ಹನಿ ನೀಲಿ ಹಾಕಿದ ನೀರಲ್ಲಿ ಅದ್ದಿ ಹಾಕಿದ್ದು. ಗಂಡ ಕ್ಯಾಮೆರಾ ಕಣ್ಣಿಗೇರಿಸಿದ.

"ಇರು," ಎಂದರು ಮಾವ.

ಲೋಟ ಕೆಳಗಿಟ್ಟು ಹತ್ತಿರ ಬಂದರು. "ಕಣ್ಣು ತೋರ್ಸಮ್ಮ."

ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದರು. ಹೆಬ್ಬೆರಳಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು. ಸಾಲಲಿಲ್ಲ.

"ನನ್ನ ಕಣ್ಣಿಗೆ ಪೊರೆ ಇದೆ," ಎಂದರು ಮಗನಿಗೆ. "ನೀನೂ ಬಂದು ನೋಡು."

ಅವನು ಕ್ಯಾಮೆರಾವನ್ನು ಅಡುಗೆಕಟ್ಟೆಯ ಮೇಲಿಟ್ಟು ಬಂದ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅವಳ ಮೇಲೆ ಬಗ್ಗಿ ನಿಂತರು. ಅವಳಿಗೆ ಇಬ್ಬರ ಕಣ್ಣೂ ಕಾಣುತ್ತಿದ್ದವು. ಕಟ್ಟೆಯ ಮೇಲೆ ಕ್ಯಾಮೆರಾದ ದೀಪ ಸ್ವಲ್ಪ ಹೊತ್ತು ಕಾದು, ತಾನಾಗಿಯೇ ಆರಿತು.